ಏನೂ ಆಗದ ಹಾಗೆ ನೋಡಿಕೊಂಡವರಿಗೂ ಒಂದು ಪದಕ ಕೊಡಿ

ಸಂಪಾದಕರೇ, ನಮಸ್ಕಾರ.

ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದ ಕಾರ್ಯಕ್ರಮಕ್ಕೆ ಈ ಸಲ ನಾನೂ ಹೋಗಿದ್ದೆ. ಯಾವ ಊರು, ಯಾರು ಮಾಡಿಸಿದ್ದು ಅಂತ ಬರೆಯುವುದಿಲ್ಲ. ಬರೆದರೆ ಪಾಪ ಯಾರೋ ಕೆಳಗಿನವರಿಗೆ ಮೆಮೊ ಹೋಗುತ್ತದೆ. ವೇದಿಕೆ ಮೇಲೆ ಒಂಬತ್ತು ಜನ ಕೂತಿದ್ದರು. ಒಂಬತ್ತು ಜನಕ್ಕೂ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಶಾಲು ಹೊದಿಸಿದವರಿಗೂ ಕೊನೆಗೆ ಇನ್ನೊಬ್ಬರು ಬಂದು ಶಾಲು ಹೊದಿಸಿದರು. ಮಾನಸಿಕ ಕಾಯಿಲೆ ಇರುವವರ ಮನೆ ಮನೆಗೆ ಹೋಗಿ ವಿಚಾರಿಸಿಕೊಳ್ಳುವ ಕಾರ್ಯಕರ್ತೆ, ನಮ್ಮ ಮನೆಗೆ ಹನ್ನೊಂದು ವರ್ಷದಿಂದ ಬರುತ್ತಿರುವ ಹೆಣ್ಣುಮಗಳು ಅದೇ ಹೊತ್ತಿನಲ್ಲಿ ಸಭಾಂಗಣದ ಹಿಂದೆ ನಿಂತು ನೀರಿನ ಬಾಟಲಿ ಎಣಿಸುತ್ತಿದ್ದರು, ಯಾಕೆಂದರೆ ಎರಡು ಬಾಕ್ಸ್ ಕಡಿಮೆ ಬಂದಿತ್ತು. ಸ್ವಾಗತ ಭಾಷಣದಲ್ಲಿ 'ನಮ್ಮ ಕ್ಷೇತ್ರ ಸಿಬ್ಬಂದಿ' ಅಂತ ಒಂದು ಮಾತು ಬಂತು. ಅಷ್ಟೇ.

ಆವತ್ತು ಮನೆಗೆ ಬಂದವನಿಗೆ ಸುಮ್ನೆ ಕೂರಲು ಆಗಲಿಲ್ಲ. ಅದಕ್ಕೇ ಈ ಪತ್ರ. ಉದ್ದ ಆಗಿದೆ, ಕತ್ತರಿ ಹಾಕುವುದಾದರೆ ನನ್ನ ಬಸ್ಸಿನ ಕತೆಗೆ ಹಾಕಿ, ಅವರ ಕೆಲಸದ ಕತೆಗೆ ಬೇಡ.

ನಾನು ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಬಹುಪಾಲು ಹಳ್ಳಿ ರೂಟು. ಬೆಳಿಗ್ಗೆ ಏಳೂಕಾಲಿನ ಟ್ರಿಪ್ಪಿಗೆ ತಾಲ್ಲೂಕು ಸ್ಟ್ಯಾಂಡಿನಲ್ಲಿ ಈ ಹೆಣ್ಣುಮಗಳು ಹತ್ತುತ್ತಿದ್ದರು. ಕೈಯಲ್ಲಿ ಒಂದು ಬಟ್ಟೆ ಚೀಲ. ಒಳಗೆ ರಿಜಿಸ್ಟರು, ಊಟದ ಡಬ್ಬಿ, ರಬ್ಬರ್ ಬ್ಯಾಂಡ್ ಹಾಕಿದ ಮಾತ್ರೆ ಪಟ್ಟಿಗಳು. ಒಂದೊಂದು ದಿನ ಒಂದೊಂದು ಊರಿಗೆ ಟಿಕೆಟ್. ನಾನು ಸಂಘದ ಸಾಲ ವಸೂಲಿಯವರು ಅಂದುಕೊಂಡಿದ್ದೆ, ನಿಜ ಹೇಳುತ್ತೇನೆ. ಒಂದು ದಿನ ನಮ್ಮ ಊರಿಗೇ ಟಿಕೆಟ್ ತಗೊಂಡರು. ರಾತ್ರಿ ಡ್ಯೂಟಿ ಮುಗಿಸಿ ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದಳು, "ಯಾರೋ ಮೇಡಂ ಬಂದಿದ್ರು ಕಣಪ್ಪ. ನಿನ್ ತಮ್ಮನ ವಿಷ್ಯ ಕೇಳಿದ್ರು."

ನಮ್ಮ ಮನೆಯಲ್ಲಿ ತಮ್ಮನ ವಿಷಯ ಯಾರೂ ಕೇಳುತ್ತಿರಲಿಲ್ಲ. ಕೇಳದ ಹಾಗೆ ನಾವೇ ನೋಡಿಕೊಂಡಿದ್ದೆವು.

ಅವನಿಗೆ ಸ್ಕಿಜೋಫ್ರೇನಿಯಾ. ಇಪ್ಪತ್ತೊಂದರ ಪ್ರಾಯದಲ್ಲಿ ಶುರುವಾಗಿದ್ದು. ಒಬ್ಬನೇ ಮಾತಾಡುವುದು, ಊಟದಲ್ಲಿ ವಿಷ ಹಾಕಿದ್ದೀರಿ ಎಂದು ತಟ್ಟೆ ದೂಡುವುದು, ವಾರಗಟ್ಟಲೆ ಸ್ನಾನ ಇಲ್ಲ. ಎಲ್ಲರ ಹಾಗೆ ನಾವೂ ಮೊದಲು ದೇವರು, ತಾಯಿತ, ಅಮಾವಾಸ್ಯೆ ಅಂತ ಎರಡು ವರ್ಷ ಓಡಾಡಿದೆವು. ಆಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಮಾತ್ರೆ ಕೊಟ್ಟರು, ಚೆನ್ನಾಗಾದ. ಚೆನ್ನಾಗಿದ್ದಾನಲ್ಲ, ಇನ್ಯಾಕೆ ಮಾತ್ರೆ ಅಂತ ನಿಲ್ಲಿಸಿದೆವು. ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಈ ಕಾಯಿಲೆ ಇರುವ ಮನೆಯವರು ಇದನ್ನು ಓದುತ್ತಿದ್ದರೆ ಮುಂದಿನದು ಹೇಳುವುದೇ ಬೇಡ, ನಿಮಗೇ ಗೊತ್ತು. ಕೊನೆಗೆ ಹಿಂದಿನ ಕೋಣೆಗೆ ಹೊರಗಿನಿಂದ ಚಿಲಕ ಹಾಕುವ ಹಂತಕ್ಕೆ ಬಂದಿದ್ದೆವು. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಆದರೆ ಅದನ್ನು ಬಿಟ್ಟು ಬರೆದರೆ ಆ ಮೇಡಂ ಏನು ಮಾಡಿದರು ಅಂತ ನಿಮಗೆ ತಿಳಿಯುವುದಿಲ್ಲ.

ಅವರು ಮೊದಲ ನಾಲ್ಕು ಸಲ ಬಂದಾಗ ತಮ್ಮನ ಜೊತೆ ಕಾಯಿಲೆ ಮಾತೇ ಎತ್ತಲಿಲ್ಲ. ಜಗುಲಿ ಮೇಲೆ ಕೂತು ಅವ್ವನ ಹತ್ತಿರ ರಾಗಿ ಎಷ್ಟಾಯಿತು, ಹಸು ಎಷ್ಟು ಹಾಲು ಕೊಡುತ್ತೆ ಅಂತ ಕೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ನಮಗೆ ಬೇಜಾರು, ಇವರು ಸಂಬಳ ತಗೊಂಡು ಹರಟೆ ಹೊಡೆಯಲು ಬರುತ್ತಾರಲ್ಲ ಅಂತ. ಐದನೇ ಸಲ ತಮ್ಮ ಕೋಣೆಯ ಒಳಗಿನಿಂದಲೇ, "ಹಸು ಗಬ್ಬ ಆಗೈತೆ, ಈಗ ಹಾಲು ಕಮ್ಮಿ" ಅಂದ. ಚಿಲಕ ತೆಗೆದಿದ್ದು ನಾವಲ್ಲ ಸ್ವಾಮಿ, ಆ ಹಸುವಿನ ಮಾತು.

ಅಲ್ಲಿಂದ ಮುಂದೆ ಒಂದು ವರ್ಷ ಹಿಡಿಯಿತು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಮನೋಚೈತನ್ಯ ಅಂತ ಸರ್ಕಾರದ್ದೇ ಕಾರ್ಯಕ್ರಮ, ಬೆಂಗಳೂರಿಗೆ ಹೋಗಬೇಕಿಲ್ಲ ಅಂತ ನಮಗೆ ತಿಳಿಸಿದ್ದು ಇವರೇ. ಡಾಕ್ಟರು ಮಾತ್ರೆ ಬರೆದರು. ಡಾಕ್ಟರ ಬಗ್ಗೆ ನನ್ನ ದೂರಿಲ್ಲ. ಒಂದು ಮಂಗಳವಾರಕ್ಕೆ ಅವರ ಮುಂದೆ ಎಪ್ಪತ್ತು ಎಂಬತ್ತು ಜನ ಕೂತಿರುತ್ತಾರೆ, ಒಬ್ಬೊಬ್ಬರಿಗೆ ಎಷ್ಟು ನಿಮಿಷ ಸಿಗುತ್ತದೆ ನೀವೇ ಲೆಕ್ಕ ಹಾಕಿ. ಆದರೆ ಮಾತ್ರೆ ಶುರುವಾದ ಮೇಲೆ ತಮ್ಮನ ಕೈ ನಡುಗಲು ಶುರುವಾಯಿತು, ದಿಂಬು ಜೊಲ್ಲಿನಿಂದ ಒದ್ದೆ. ಅವನಿಗೆ ನಾಚಿಕೆ, ಹೇಳುವುದಿಲ್ಲ. ನಮಗೆ ತಿಳಿಯುವುದಿಲ್ಲ. ಇವರು ಅವ್ವ ಬಿಸಿಲಿಗೆ ಹಾಕಿದ್ದ ದಿಂಬು ನೋಡಿ ಗುರುತು ಹಿಡಿದರು! ಮುಂದಿನ ಮಂಗಳವಾರ ಡಾಕ್ಟರಿಗೆ ತಾವೇ ಹೇಳಿ ಮಾತ್ರೆ ಬದಲಾಯಿಸಿದರು. ಹಾಗೆ ಆಗದಿದ್ದರೆ ಅವನು ಮೂರನೇ ಸಲವೂ ಮಾತ್ರೆ ಬಿಡುತ್ತಿದ್ದ. ಜನ ಮಾತ್ರೆ ಬಿಡುವುದು ಬುದ್ಧಿ ಇಲ್ಲದೆ ಅಲ್ಲ. ಮೈ ಭಾರ, ನಿದ್ದೆ, ನಡುಕ, ಇದನ್ನೆಲ್ಲ ಕೇಳುವವರು ಇಲ್ಲದೆ.

2020ರ ಮಾರ್ಚಿನಲ್ಲಿ ಬಸ್ಸೆಲ್ಲ ನಿಂತಿತಲ್ಲ, ಆಗ ನಾನೂ ಮನೆಯಲ್ಲೇ. ತಮ್ಮನ ಮಾತ್ರೆ ಆರು ದಿನಕ್ಕೆ ಮಾತ್ರ ಇತ್ತು. ನಾನು ಕೈ ಕಟ್ಟಿ ಕೂತಿದ್ದೆ. ಇವರು ಗಂಡನ ಟಿವಿಎಸ್ ಗಾಡಿಯಲ್ಲಿ ಹಿಂದೆ ಕೂತು, ಪೊಲೀಸರ ಹತ್ತಿರ ಎರಡು ಕಡೆ ಜಗಳ ಆಡಿ ಬಂದರು. ಚೀಲದಲ್ಲಿ ಹದಿನಾಲ್ಕು ಮನೆಯ ಮಾತ್ರೆ. ನಮ್ಮದು ಒಂಬತ್ತನೆಯದು ಅಂದರು. ನೀರು ಕುಡಿದು ಹತ್ತನೆಯ ಮನೆಗೆ ಹೋದರು.

ಈಗ ತಮ್ಮ ನಾಲ್ಕು ಹಸು ನೋಡಿಕೊಳ್ಳುತ್ತಾನೆ. ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕುತ್ತಾನೆ. ಅಂಗವಿಕಲರ ಯುಡಿಐಡಿ ಕಾರ್ಡ್ ಆಗಿದೆ. ಮಾನಸಿಕ ಕಾಯಿಲೆಗೂ ಆ ಕಾರ್ಡ್ ಉಂಟು ಅಂತ ಎಷ್ಟು ಜನಕ್ಕೆ ಗೊತ್ತು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಆ ಕಾರ್ಡಿಗೆ ಅವರು ನಮ್ಮ ಜೊತೆ ಜಿಲ್ಲಾಸ್ಪತ್ರೆಗೆ ಐದು ಸಲ ಬಂದರು. ಒಂದು ಸಲ ಸಹಿ ಹಾಕುವವರು ರಜೆ, ಒಂದು ಸಲ ಸರ್ವರ್ ಡೌನ್, ಇನ್ನೊಂದು ಸಲ ಆಧಾರ್‌ನಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ಬೇರೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಸಾರಿಗೆ ಸಂಸ್ಥೆಯಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ವರ್ಷಗಟ್ಟಲೆ ಅಪಘಾತ ಇಲ್ಲದೆ ಬಸ್ ಓಡಿಸಿದ ಡ್ರೈವರಿಗೆ ಬೆಳ್ಳಿ ಪದಕ, ಇನ್ನೂ ಹೆಚ್ಚು ವರ್ಷ ಓಡಿಸಿದವರಿಗೆ ಚಿನ್ನದ ಪದಕ. ಯೋಚನೆ ಮಾಡಿ, ಎಂಥ ವಿಚಿತ್ರ ಪದಕ ಅದು. ಏನೋ ಮಾಡಿದ್ದಕ್ಕಲ್ಲ, ಏನೂ ಆಗದೇ ಇದ್ದಿದ್ದಕ್ಕೆ. ನನ್ನ ಜೊತೆ ಹನ್ನೆರಡು ವರ್ಷ ಡ್ಯೂಟಿ ಮಾಡಿದ ಡ್ರೈವರಣ್ಣ ಒಬ್ಬರಿಗೆ ಬೆಳ್ಳಿ ಪದಕ ಬಂದ ದಿನ ಅವರು ಸ್ಟೇರಿಂಗಿಗೆ ಹೂವಿನ ಹಾರ ಹಾಕಿಸಿದ್ದರು. ನಮ್ಮ ಮೇಡಂ ಕೆಲಸವೂ ಥೇಟ್ ಹಾಗೇ ಅಲ್ವಾ? ಸರಿಯಾಗಿ ನಡೆದರೆ ಏನೂ ಆಗುವುದಿಲ್ಲ. ತಮ್ಮ ಬಾವಿ ಹತ್ತಿರ ಹೋಗಿ ನಿಲ್ಲಲಿಲ್ಲ. ಪಕ್ಕದ ಮನೆಯವರ ಮೇಲೆ ಕಲ್ಲು ಎಸೆಯಲಿಲ್ಲ. ಮತ್ತೆ ಅಡ್ಮಿಟ್ ಆಗಲಿಲ್ಲ. ಹಾಲು ಹಾಕಿದ, ಊಟ ಮಾಡಿದ, ಮಲಗಿದ. ಇದನ್ನು ಯಾವ ಫೋಟೊ ತೆಗೆಯುತ್ತೀರಿ? ಯಾವ ಪ್ರೆಸ್ ನೋಟ್ ಬರೆಯುತ್ತೀರಿ?

ಮಾನಸಿಕ ಆರೋಗ್ಯವನ್ನು ಆಸ್ಪತ್ರೆ ಗೋಡೆಯ ಆಚೆ ತಂದವರಲ್ಲಿ ಕರ್ನಾಟಕವೇ ಮುಂದಿತ್ತು ಅನ್ನುವುದನ್ನು ನಾವು ಮರೆತಿದ್ದೇವೆ. ಬೆಂಗಳೂರಿನಲ್ಲಿ ಕ್ಯೂ ನಿಂತಾಗ ನಿಮ್ಹಾನ್ಸ್‌ನ ಒಬ್ಬ ಹಿರಿಯ ಸಮಾಜ ಕಾರ್ಯಕರ್ತರು ನನಗೆ ಹೇಳಿದ್ದು ಇದು. 1970ರ ದಶಕದಲ್ಲೇ ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ನಿಮ್ಹಾನ್ಸ್ ಹಳ್ಳಿ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೇ ಈ ಕೆಲಸ ಕಲಿಸಬಹುದಾ ಅಂತ ನೋಡಿತು. 1980ರ ದಶಕದಲ್ಲಿ ಅದನ್ನೇ ಇಡೀ ಬಳ್ಳಾರಿ ಜಿಲ್ಲೆಗೆ ಹಬ್ಬಿಸಿದರು. ಅದು ಬಳ್ಳಾರಿ ಮಾದರಿ ಅಂತಲೇ ದೇಶಕ್ಕೆ ಗೊತ್ತಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಅದನ್ನೇ ನೋಡಿ. ಆಮೇಲೆ ತೀರ್ಥಹಳ್ಳಿಯಲ್ಲಿ, ತುರುವೇಕೆರೆಯಲ್ಲಿ ಮನೆ ಮನೆ ಹುಡುಕಿ ಚಿಕಿತ್ಸೆ ಇಲ್ಲದೆ ಉಳಿದವರನ್ನು ಕರೆತಂದ ಕೆಲಸ ನಡೆದಿದೆ. ಇಷ್ಟೆಲ್ಲ ಕೇಳಿ ನಾನು ಅವರಿಗೆ ಒಂದು ಪ್ರಶ್ನೆ ಕೇಳಿದೆ. ಬಳ್ಳಾರಿಯಲ್ಲಿ ಆವಾಗ ಹಳ್ಳಿ ಹಳ್ಳಿ ಸುತ್ತಿದ ಆರೋಗ್ಯ ಕಾರ್ಯಕರ್ತರ ಹೆಸರು ಎಲ್ಲಾದರೂ ಬರೆದಿಟ್ಟಿದ್ದಾರಾ ಸಾರ್ ಅಂತ. ಅವರು ನಕ್ಕರು. ಡಾಕ್ಟರುಗಳ ಹೆಸರು ಪುಸ್ತಕದಲ್ಲಿ ಇವೆ ಅಂದರು.

2015–16ರಲ್ಲಿ ನಿಮ್ಹಾನ್ಸ್‌ನವರೇ 12 ರಾಜ್ಯಗಳಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ಸಿಕ್ಕಿಲ್ಲ. ಡಾಕ್ಟರುಗಳ ಸಂಖ್ಯೆ ನಾಳೆ ಬೆಳಿಗ್ಗೆ ಏರುವುದಿಲ್ಲ. ಈ ಕಂದಕ ದಾಟಿಸುತ್ತಿರುವವರು ಚೀಲ ಹಿಡಿದು ಓಡಾಡುವ ಇವರೇ.

ಹಾಗಾದರೆ ಪ್ರಶಸ್ತಿ ಕೊಟ್ಟುಬಿಡಿ, ಅದಕ್ಕೇನು ಇಷ್ಟು ದೊಡ್ಡ ಪತ್ರ ಅಂತ ನೀವು ಕೇಳಬಹುದು. ಇಲ್ಲೇ ಒಂದು ಗಂಟಿದೆ. ಒಳ್ಳೆಯ ಟೀಚರಿಗೆ ಪ್ರಶಸ್ತಿ ಕೊಟ್ಟರೆ ಅವರ ವಿದ್ಯಾರ್ಥಿಗಳು ವೇದಿಕೆ ಹತ್ತಿ ಇವರೇ ನಮ್ಮ ಮೇಷ್ಟ್ರು ಅನ್ನಬಹುದು. ಇಲ್ಲಿ ಯಾರು ಹತ್ತುತ್ತಾರೆ? ನಾನು ಹತ್ತಿದರೆ ನಾಳೆ ಊರಲ್ಲಿ ನನ್ನ ಮಗಳ ಸಂಬಂಧ ಮುರಿಯುತ್ತದೆ. ಇದು ತಪ್ಪು, ಹೀಗಿರಬಾರದು, ಎಲ್ಲ ಒಪ್ಪುತ್ತೇನೆ. ಆದರೂ ಹತ್ತುವುದಿಲ್ಲ. ಇವರ ಕೆಲಸ ಚೆನ್ನಾಗಿ ನಡೆದಷ್ಟೂ ಅದು ಹೊರಗೆ ಕಾಣುವುದಿಲ್ಲ. ಕಾಣಬಾರದು ಕೂಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಕಾಯಿಲೆಯವರ ವಿಷಯ ಗುಟ್ಟಾಗಿಡಬೇಕು, ಅವರು ಒಪ್ಪದೆ ಫೋಟೊ, ಮಾಹಿತಿ ಪತ್ರಿಕೆಗೆ ಕೊಡಬಾರದು ಅಂತ ಸ್ಪಷ್ಟವಾಗಿದೆ. ಅದಕ್ಕೆ ದಯವಿಟ್ಟು, ಇವರಿಗೆ ಸನ್ಮಾನ ಮಾಡುವ ನೆಪದಲ್ಲಿ 'ಗುಣಮುಖರಾದವರು' ಅಂತ ನಾಲ್ಕು ಜನರನ್ನು ಸಾಲಾಗಿ ನಿಲ್ಲಿಸಿ ಗುಲಾಬಿ ಹೂ ಕೊಡಿಸಬೇಡಿ. ಈ ಸಲ ಅದೂ ಆಯಿತು. ಅದರಲ್ಲಿ ಒಬ್ಬ ಹುಡುಗ ಇಡೀ ಹೊತ್ತು ಕರ್ಚೀಫಿನಲ್ಲಿ ಮುಖ ಒರೆಸುತ್ತಲೇ ಇದ್ದ, ಬೆವರೇ ಇರಲಿಲ್ಲ.

ಮತ್ತೆ ಹೇಗೆ ಆರಿಸುವುದು? ನನಗೆ ತೋಚಿದ್ದು ಹೇಳುತ್ತೇನೆ. ಮನೆಯವರನ್ನು ಕೇಳಿ. ಹೆಸರಿಲ್ಲದ ಚೀಟಿಯಲ್ಲಿ, ಮುಚ್ಚಿದ ಕವರಿನಲ್ಲಿ. ಮಂಗಳವಾರದ ಕ್ಲಿನಿಕ್ಕಿನಲ್ಲಿ ಒಂದು ಡಬ್ಬ ಇಡಿ. ಬರೆಯಲು ಬಾರದವರಿಗೆ ಬೇರೆ ತಾಲ್ಲೂಕಿನವರು ಯಾರಾದರೂ ಕೂತು ಕೇಳಿ ಬರೆದುಕೊಳ್ಳಲಿ. ಕಾಯಿಲೆ ಇರುವವರನ್ನೂ ಕೇಳಿ, ಬರೀ ನಮ್ಮಂಥ ಅಣ್ಣಂದಿರನ್ನಲ್ಲ, ಯಾಕೆಂದರೆ ನಮಗೆ ಅನುಕೂಲ ಆಗಿದ್ದೆಲ್ಲ ಅವರಿಗೆ ಒಳ್ಳೆಯದಾಗಿತ್ತು ಅಂತಿಲ್ಲ. ಚಿಲಕ ಹಾಕಿದ್ದು ನಮಗೆ ಅನುಕೂಲವೇ ಆಗಿತ್ತು. ಪ್ರಶ್ನೆ ದೊಡ್ಡದು ಬೇಡ. ಬರುತ್ತೇನೆ ಅಂದ ದಿನ ಬಂದರಾ? ನಿಮ್ಮ ಮಾತು ಕೇಳಿದರಾ? ನಿಮ್ಮ ವಿಷಯ ಬೇರೆ ಮನೆಯಲ್ಲಿ ಹೇಳಿದರಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಸಾಕು.

ದಮ್ಮಯ್ಯ ಅಂತೀನಿ, ಅಂಕಿ ಲೆಕ್ಕದ ಮೇಲೆ ಮಾತ್ರ ಕೊಡಬೇಡಿ. ತಿಂಗಳಿಗೆ ಎಷ್ಟು ಹೊಸ ಕೇಸು, ಎಷ್ಟು ಮನೆ ಭೇಟಿ, ಎಷ್ಟು ಜಾಗೃತಿ ಕಾರ್ಯಕ್ರಮ. ನಮ್ಮ ಡಿಪೋದಲ್ಲೂ ಕಲೆಕ್ಷನ್ ನೋಡಿ ಕಂಡಕ್ಟರನ್ನು ಹೊಗಳಿದ ಕಾಲ ಇತ್ತು. ಆಗ ಏನಾಯಿತು ಗೊತ್ತಾ, ಸ್ಟಾಪಿನಲ್ಲಿ ಪಾಸಿನ ಮಕ್ಕಳನ್ನು ಬಿಟ್ಟು ದುಡ್ಡು ಕೊಡುವವರನ್ನು ಮಾತ್ರ ಹತ್ತಿಸುವ ಚಾಳಿ ಶುರುವಾಯಿತು. ನಾಲ್ಕು ಸಲ ಬಂದು ಬರೀ ರಾಗಿ ಮಾತಾಡಿ ಹೋದ ಭೇಟಿಯನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೆ? ಹಾಗೇ ಕಾಯಿಲೆ ಮರುಕಳಿಸಿದರೆ ಅದು ಇವರ ತಪ್ಪು ಅಂತಲೂ ಬರೆದುಕೊಳ್ಳಬೇಡಿ. ಎದುರಿಂದ ಬಂದ ಲಾರಿ ಗುದ್ದಿದ್ದಕ್ಕೆ ಪದಕ ತಪ್ಪಿಸಿಕೊಂಡ ಡ್ರೈವರುಗಳನ್ನೂ ನೋಡಿದ್ದೇನೆ.

ಇನ್ನೂ ಕೆಲವರನ್ನು ನೆನಪಿಸಬೇಕು. ಮಂಗಳವಾರ ನಮ್ಮ ಆಸ್ಪತ್ರೆಯಲ್ಲಿ ಹೆಸರು ಕೂಗುವ ಒಬ್ಬ ಡಿ ಗ್ರೂಪ್ ನೌಕರರು ಇದ್ದಾರೆ. ಮೊದಲಿದ್ದವರು "ಮೆಂಟಲ್ ಕೇಸೆಲ್ಲ ಈ ಕಡೆ" ಅಂತ ಕಾರಿಡಾರೇ ಕೇಳುವ ಹಾಗೆ ಕೂಗುತ್ತಿದ್ದರು, ಎದ್ದು ಹೋಗಲು ಕಾಲೇ ಬರುತ್ತಿರಲಿಲ್ಲ. ಇವರು ಹತ್ತಿರ ಬಂದು, "ನಿಮ್ದು ಐದನೇ ನಂಬರ್ ಅಣ್ಣ, ಬನ್ನಿ" ಅನ್ನುತ್ತಾರೆ. ಅಷ್ಟೇ ವ್ಯತ್ಯಾಸ. ನಾನು ತೀರ್ಪುಗಾರನಾಗಿದ್ದರೆ ಮೊದಲ ಪ್ರಶಸ್ತಿ ಇವರಿಗೇ. ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಅವರಲ್ಲಿ ಎಷ್ಟೋ ಜನ ತಾವೇ ಅಂಗವಿಕಲರು, ಕಾರ್ಡು ಪಿಂಚಣಿ ಅಂತ ಬೇರೆಯವರಿಗಾಗಿ ಓಡಾಡುತ್ತಾರೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ರಾತ್ರಿ ಎರಡು ಗಂಟೆಗೂ ಕನ್ನಡದಲ್ಲಿ ಮಾತಾಡುವವರು ಇದ್ದಾರೆ. ಅವರ ಮುಖವನ್ನಂತೂ ಯಾರೂ ನೋಡಿಲ್ಲ.

ಆಶಾ ಕಾರ್ಯಕರ್ತೆಯರ ವಿಷಯ ನಿಮಗೆ ಗೊತ್ತೇ ಇದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಎಲ್ಲ ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. ಎಲ್ಲರೂ ಅಭಿನಂದಿಸಿದರು. ಅದೇ ಆಶಾಗಳು 2025ರ ಜನವರಿ ಚಳಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತಿದ್ದರು. ನಮ್ಮ ಮೇಡಂ ವಿಷಯದಲ್ಲೂ ಹೀಗೆ ಆಗುವುದು ಬೇಡ ಅಂತ ನನ್ನ ಆಸೆ. ಒಂದು ವರ್ಷ ಅವರಿಗೆ ಮೂರು ತಿಂಗಳು ಸಂಬಳವೇ ಬಂದಿರಲಿಲ್ಲ ಅಂತ ನಮಗೆ ಆಮೇಲೆ ಬೇರೆ ಯಾರಿಂದಲೋ ಗೊತ್ತಾಯಿತು. ಆ ಮೂರೂ ತಿಂಗಳು ನಮ್ಮ ಮನೆಗೆ ಬಂದಿದ್ದರು. ಕಾಫಿ ಕುಡಿದು, ನಗುತ್ತಲೇ ಹೋಗಿದ್ದರು. ಟಿಕೆಟ್ ನಾನೇ ಹರಿದು ಕೊಟ್ಟಿದ್ದೆ, ದುಡ್ಡು ಎಣಿಸಿ ತಗೊಂಡಿದ್ದೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ತಪ್ಪಿತು. ಅವರ ಜೊತೆ ಕೆಲಸ ಮಾಡುವ ಹುಡುಗ ಮಾತ್ರ ಈಗಲೂ ದುಡ್ಡು ಕೊಟ್ಟೇ ಓಡಾಡುತ್ತಾನೆ. ಪದಕದ ಜೊತೆ ಅವನಿಗೊಂದು ಬಸ್ ಪಾಸ್ ಕೊಡಲು ಎಷ್ಟು ಫೈಲ್ ಓಡಬೇಕು?

ವರ್ಷ ವರ್ಷ ಗುತ್ತಿಗೆ ನವೀಕರಣಕ್ಕೆ ಕಾಯುವವರಿಗೆ ಸೇವಾ ಹಿರಿತನ ಸೇರಿಸಿ. ಯಾರಾದರೂ ಜೀವ ಕಳೆದುಕೊಂಡರೆ ಆ ಮನೆಗೆ ಹೋಗುತ್ತಿದ್ದ ಕಾರ್ಯಕರ್ತೆಗೆ ನಾಲ್ಕು ದಿನ ರಜೆ ಕೊಡಿ, ಅವರ ಜೊತೆ ಕೂತು ಮಾತಾಡಲು ಒಬ್ಬರನ್ನು ಕೊಡಿ. ಒಂದು ಸಲ ಇವರು ನಮ್ಮ ಜಗುಲಿ ಮೇಲೆ ಕೂತು ಮಾತೇ ಆಡದೆ ಅರ್ಧ ಗಂಟೆ ಇದ್ದರು. ಬೇರೆ ಊರಿನ ಒಂದು ಹುಡುಗಿ ಹೋಗಿಬಿಟ್ಟಿತ್ತಂತೆ. ಅವತ್ತೇ ಮಧ್ಯಾಹ್ನ ತಿಂಗಳ ವರದಿ ಕೇಳಿ ಮೂರು ಸಲ ಫೋನ್ ಬಂತು. ಅವತ್ತು ತಮ್ಮ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದ. ಅವನು ಅದಕ್ಕೆ ಮುಂಚೆ ಯಾವತ್ತೂ ಕಾಫಿ ಮಾಡಿರಲಿಲ್ಲ. ಸಕ್ಕರೆ ವಿಪರೀತ ಜಾಸ್ತಿ ಆಗಿತ್ತು. ಅವರು ಪೂರ್ತಿ ಕುಡಿದರು.

ಈ ಪತ್ರ ಕಳಿಸುವ ಮೊದಲು ತಮ್ಮನಿಗೆ ಓದಿ ಹೇಳಿದೆ. ಕೋಣೆಯ ವಿಷಯ ಬರೆದಿದ್ದೀನಿ, ತೆಗೆದುಬಿಡಲಾ ಅಂತ ಕೇಳಿದೆ. ಇರಲಿ ಬಿಡು, ಆಗಿದ್ದು ನಿಜ ತಾನೆ ಅಂದ. ಆಮೇಲೆ, "ನನ್ ಹೆಸ್ರು ಬ್ಯಾಡ. ಮೇಡಂ ಹೆಸ್ರು ದೊಡ್ಡದಾಗಿ ಹಾಕ್ಸು" ಅಂದ. ಮೇಡಂಗೆ ಫೋನ್ ಮಾಡಿ ಕೇಳಿದರೆ ಅವರು ಗಾಬರಿಯಾದರು. "ಅಯ್ಯೋ, ಬೇಡ ಅಣ್ಣಾ. ನನ್ ಹೆಸರು, ಫೋಟೊ ಪೇಪರಲ್ಲಿ ಬಂದ್ರೆ ನಾನು ಯಾವ ಮನೆ ಬಾಗಿಲಿಗೆ ಹೋದ್ರೂ ಆ ಮನೇಲಿ ಯಾರಿಗೋ ಹಿಂಗಿದೆ ಅಂತ ಬೀದಿಗೆಲ್ಲ ಗೊತ್ತಾಗುತ್ತೆ. ಈಗ ಎಷ್ಟೋ ಜನ ನನ್ನ ಸಂಘದವಳು ಅಂದ್ಕೊಂಡಿದ್ದಾರೆ, ಹಾಗೇ ಇರ್ಲಿ."

ಆದ್ದರಿಂದ ಸಂಪಾದಕರೇ, ಇಬ್ಬರ ಹೆಸರೂ ಬೇಡ, ನಮ್ಮ ಊರಿನ ಹೆಸರೂ ಬೇಡ. ನನ್ನ ಹೆಸರು, ವಿಳಾಸ ನಿಮ್ಮ ಕಚೇರಿಗೆ ಮಾತ್ರ ಬೇರೆ ಹಾಳೆಯಲ್ಲಿ ಬರೆದಿದ್ದೇನೆ.

ಇಂತಿ,
ಒಬ್ಬ ನಿವೃತ್ತ ಕಂಡಕ್ಟರ್